ಪಿಸ್ಟನ್ ಬದಲಿಸುವ ಮೊದಲು ಗಾಳಿಯ ದಾರಿ ಹುಡುಕು

ಥ್ರಾಟಲ್ ಮೇಲಿನ ಹೆಬ್ಬೆರಳು ತೆಗೆದ ಮೇಲೂ ಎಂಜಿನ್ ಸದ್ದು ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಮೇಲೇ ನಿಂತು ಆಮೇಲೆ ನಿಧಾನಕ್ಕೆ ಕೆಳಗೆ ಬರುತ್ತದೆ ಅಂದೆಯಲ್ಲಪ್ಪ, ಆ ಒಂದು ಮಾತಿಗೇ ನನ್ನ ಕಿವಿ ನೆಟ್ಟಗಾಯಿತು. ಚೋಕ್ ಎಳೆದಿಟ್ಟರೆ ಸರಾಗವಾಗಿ ಓಡುತ್ತದೆ, ಬಿಟ್ಟರೆ ಮಿಸ್ಸಿಂಗ್ ಹೊಡೆಯುತ್ತದೆ ಅಂತಲೂ ಹೇಳಿದೆ. ಬಲಗಡೆ ಪ್ಲಗ್ ಕಂದು ಬಣ್ಣಕ್ಕಿದೆ, ಎಡಗಡೆಯದು ಬೆಳ್ಳಗಾಗಿದೆ. ಹಿಂದಿನ ಮಾಲೀಕ ಎಡಗಡೆಯ ಪಿಸ್ಟನ್ ಒಂದನ್ನೇ ಹೊಸದು ಹಾಕಿಸಿ ನಿನಗೆ ಮಾರಿದ್ದಾನೆ. ಇಷ್ಟು ಕೇಳಿದ ಮೇಲೆ ನನಗೆ ಹೆಚ್ಚು ಅನುಮಾನ ಉಳಿದಿಲ್ಲ. ನಿನ್ನ ಯಮಹಾ ಬ್ಯಾನ್ಶಿ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ.

ಆದ್ದರಿಂದ ಮೊದಲ ಮಾತು: ಈ ಶನಿವಾರ ಗ್ಲಾಮಿಸ್‌ನ ಮರಳುದಿಬ್ಬಕ್ಕೆ ಗಾಡಿ ಹೇರಿಕೊಂಡು ಹೋಗಬೇಡ. ಎರಡನೆಯದು: ದೊಡ್ಡ ಮೇನ್ ಜೆಟ್ ತರಿಸುತ್ತೇನೆ ಅಂದೆಯಲ್ಲ, ಅದನ್ನು ಸದ್ಯಕ್ಕೆ ನಿಲ್ಲಿಸು. ಎಡಗಡೆ ಪಿಸ್ಟನ್ ಯಾಕೆ ಹೋಗಿತ್ತು ಎಂದು ಹಿಂದಿನವನು ಕೇಳಿಕೊಳ್ಳಲಿಲ್ಲ. ಹೊಸದು ಹಾಕಿದ, ಸ್ಟಾರ್ಟ್ ಆಯಿತು, ಮಾರಿದ. ಆ ಪಿಸ್ಟನ್ನನ್ನು ತಿಂದ ಕಾರಣ ಇನ್ನೂ ಎಂಜಿನ್ನಿನ ಒಳಗೇ ಇದೆ, ಈ ಪಿಸ್ಟನ್ನನ್ನೂ ತಿನ್ನುತ್ತದೆ.

ನೀನಿರುವುದು ಕ್ಯಾಲಿಫೋರ್ನಿಯಾದಲ್ಲಿ, ನಾನು ಮೈಸೂರಿನಲ್ಲಿ. ನಾಲ್ಕು ಚಕ್ರದ ಆ ಗಾಡಿಯನ್ನು ನಾನು ಕೈಯಾರೆ ಬಿಚ್ಚಿಲ್ಲ, ಮಾವನಿಗೆ ಅದರ ವಿಷಯ ಏನು ಗೊತ್ತು ಅಂತ ನಿನಗೆ ಅನ್ನಿಸಬಹುದು. ಆದರೆ ಆ ಎಂಜಿನ್ನಿನ ವಂಶ ನನಗೆ ಪರಿಚಯ. ಯಮಹಾ ಬ್ಯಾನ್ಶಿ ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾಯಿತು. ಅದರ 347 ಸಿ.ಸಿ. ಎರಡು ಸಿಲಿಂಡರ್ ಎಂಜಿನ್ ಬಂದದ್ದು ಆರ್‌ಡಿ 350 ಮನೆತನದಿಂದ. ಇಲ್ಲಿ ಎಸ್ಕಾರ್ಟ್ಸ್‌ನವರು 1983ರಿಂದ ರಾಜ್‌ದೂತ್ 350 ಎಂದು ಮಾಡಿದ ಗಾಡಿಯೂ ಅದೇ ಮನೆತನದ್ದು. ಬೋರ್ 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ., ಎರಡಕ್ಕೂ ಒಂದೇ ಅಳತೆ. ನಮ್ಮದು ಗಾಳಿಗೆ ತಣ್ಣಗಾಗುತ್ತಿತ್ತು, ನಿನ್ನದಕ್ಕೆ ನೀರು ಮತ್ತು ರೇಡಿಯೇಟರ್ ಇದೆ. ಉಳಿದಂತೆ ರೀಡ್ ವಾಲ್ವ್, ಎರಡು ಕಾರ್ಬುರೇಟರ್, ಒಂದು ಮೇಲೆ ಒಂದು ಕೆಳಗೆ ಓಡಾಡುವ ಪಿಸ್ಟನ್, ಎಲ್ಲ ಅದೇ ಜಾಯಮಾನ. ಅದಕ್ಕೂ ಮುಂಚೆ ನಾವು ಬೆಳೆದದ್ದೇ ಯಾದವಗಿರಿಯ ಫ್ಯಾಕ್ಟರಿಯಲ್ಲಿ 1961ರಿಂದ ತಯಾರಾದ ಜಾವಾ, ಆಮೇಲೆ ಯೆಜ್ಡಿಗಳ ಮಧ್ಯೆ. ಟೂ ಸ್ಟ್ರೋಕ್ ಎಂಜಿನ್ ಯಾವ ದೇಶದಲ್ಲಿದ್ದರೂ ಗಾಳಿ ಎಳೆಯುವ ರೀತಿ ಒಂದೇ, ಸಾಯುವ ರೀತಿಯೂ ಒಂದೇ.

ಯಾಕೆ ಹೀಗೆ ಎಂಬುದನ್ನು ಸ್ವಲ್ಪ ಕೂತು ತಿಳಿದುಕೋ. ಇದು ಗೊತ್ತಾದರೆ ಮಿಕ್ಕದ್ದನ್ನು ನೀನೇ ಊಹಿಸುತ್ತೀಯ.

ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿನ ಕೆಳಗಿರುವ ಜಾಗ ಬರೀ ಆಯಿಲ್ ಇಡುವ ತಾವು. ಟೂ ಸ್ಟ್ರೋಕ್‌ನಲ್ಲಿ ಆ ಜಾಗವೇ ಕೆಲಸದ ಜಾಗ. ಪಿಸ್ಟನ್ ಮೇಲೇರುವಾಗ ಕೆಳಗಿನ ಚೇಂಬರ್ ಕಾರ್ಬುರೇಟರ್ ಕಡೆಯಿಂದ ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಇಳಿಯುವಾಗ ಅದನ್ನೇ ಒತ್ತಿ ಸಿಲಿಂಡರಿಗೆ ತಳ್ಳುತ್ತದೆ. ಕಮ್ಮಾರನ ತಿದಿಯನ್ನು ನೆನಪಿಸಿಕೋ. ತಿದಿಯ ಚರ್ಮದಲ್ಲಿ ತೂತಿದ್ದರೆ ಬಾಯಿಂದ ಬರಬೇಕಾದ ಗಾಳಿ ತೂತಿನಿಂದಲೂ ಬರುತ್ತದೆ. ಇಲ್ಲೂ ಹಾಗೆಯೇ. ಬ್ಲಾಕ್ ಕೆಳಗಿನ ಪ್ಯಾಕಿಂಗ್ ಹರಿದಿದ್ದರೆ, ರಬ್ಬರ್ ಬೂಟ್ ಸೀಳಿದ್ದರೆ, ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಗಟ್ಟಿಯಾಗಿದ್ದರೆ, ಪಿಸ್ಟನ್ ಮೇಲೇರಿದಾಗಲೆಲ್ಲ ಬರೀ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿ ಕಾರ್ಬುರೇಟರನ್ನು ದಾಟಿ ಬಂದದ್ದಲ್ಲ, ಅದರ ಜೊತೆ ಪೆಟ್ರೋಲ್ ಇಲ್ಲ. ಮಿಶ್ರಣ ತೆಳ್ಳಗಾಗುತ್ತದೆ.

ತೆಳ್ಳಗಾದರೆ ಎರಡು ಕೇಡು ಒಟ್ಟಿಗೇ ಬರುತ್ತವೆ. ಬ್ಯಾನ್ಶಿಗೆ ಬೇರೆ ಆಯಿಲ್ ಪಂಪ್ ಇಲ್ಲ, ಪೆಟ್ರೋಲಿಗೆ ಬೆರೆಸಿದ ಆಯಿಲೇ ಅದಕ್ಕೆ ಗತಿ. ಪೆಟ್ರೋಲ್ ಕಡಿಮೆಯಾದ ಕಡೆ ಆಯಿಲೂ ಕಡಿಮೆಯಾಯಿತು. ಜೊತೆಗೆ ಒಳಗೆ ಬರುವ ಹಸಿ ಪೆಟ್ರೋಲ್ ಆವಿಯಾಗುತ್ತಾ ಪಿಸ್ಟನ್ನನ್ನು ತಣ್ಣಗಿಡುತ್ತದಲ್ಲ, ಆ ತಂಪೂ ತಪ್ಪಿತು. ಸಿಲಿಂಡರಿನೊಳಗೆ ಉರಿಯುವ ಅನಿಲದ ಶಾಖ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಪಿಸ್ಟನ್ ಇಷ್ಟು ದಿನ ಕರಗದೆ ಉಳಿದಿರುವುದು ಆ ತಂಪಿನಿಂದ, ಆ ಆಯಿಲ್ ಪೊರೆಯಿಂದ. ಅವೆರಡನ್ನೂ ಕಿತ್ತುಕೊಂಡರೆ ಪಿಸ್ಟನ್ ಹಿಗ್ಗಿ ಬೋರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಎಂಜಿನ್ ಸೀಜ್ ಆಯಿತು ಎನ್ನುವುದು ಇದಕ್ಕೇ. ಇಲ್ಲವೇ ನೆತ್ತಿಯಲ್ಲಿ ತೂತು ಬೀಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಸೀಜ್ ಆಗುತ್ತದೆ ಎಂಬ ಭಯಕ್ಕೆ ಪೆಟ್ರೋಲಿಗೆ ಆಯಿಲ್ ಜಾಸ್ತಿ ಸುರಿಯುತ್ತಾರೆ. ಜೆಟ್ಟಿನ ತೂತು ಅಷ್ಟೇ ಇರುತ್ತದೆ, ಅದರಲ್ಲಿ ಹರಿಯುವುದರಲ್ಲಿ ಆಯಿಲ್ ಪಾಲು ಹೆಚ್ಚಾದರೆ ಪೆಟ್ರೋಲಿನ ಪಾಲು ಇಳಿಯುತ್ತದೆ. ತೆಳ್ಳಗಿದ್ದದ್ದು ಇನ್ನಷ್ಟು ತೆಳ್ಳಗಾಗುತ್ತದೆ. ಗಾಳಿ ಎಳೆಯುವ ಎಂಜಿನ್ನಿಗೆ ಆಯಿಲ್ ಸುರಿಯುವುದು ಮದ್ದಲ್ಲ.

ದೊಡ್ಡ ಜೆಟ್ಟೂ ಮದ್ದಲ್ಲ. ಮೇನ್ ಜೆಟ್ ತನ್ನ ಪ್ರಭಾವ ತೋರಿಸುವುದು ಥ್ರಾಟಲ್ ಮುಕ್ಕಾಲಿನಿಂದ ಪೂರ್ತಿ ತೆರೆದಾಗ. ಸೋರಿಕೆಯ ಕಾಟ ಎದ್ದು ಕಾಣುವುದು ಸ್ಲೋ ಸ್ಪೀಡಿನಲ್ಲಿ, ಯಾಕೆಂದರೆ ಆಗ ಕಾರ್ಬುರೇಟರ್ ಮುಚ್ಚಿದಂತೆಯೇ ಇರುತ್ತದೆ, ಒಳಗೆ ಹೋಗುವ ಗಾಳಿಯಲ್ಲಿ ಕಳ್ಳದಾರಿಯ ಪಾಲು ದೊಡ್ಡದು. ಪೂರ್ತಿ ಥ್ರಾಟಲ್‌ನಲ್ಲಿ ಆ ಪಾಲು ಚಿಕ್ಕದಾಗುತ್ತದೆ, ಗಾಡಿ ಚೆನ್ನಾಗಿ ಎಳೆಯುತ್ತಿದೆ ಅನ್ನಿಸುತ್ತದೆ. ಆದರೆ ಮರಳುದಿಬ್ಬ ಹತ್ತುವಾಗ ಎಂಜಿನ್ ಮೇಲೆ ಬೀಳುವ ಭಾರ, ಹುಟ್ಟುವ ಶಾಖ ಎಂಥದ್ದು ಯೋಚಿಸು. ಅಲ್ಲಿ ಸ್ವಲ್ಪ ತೆಳ್ಳಗಾದರೂ ಸಾಕು. ಸ್ಲೋದಲ್ಲಿ ಎಚ್ಚರಿಕೆ ಕೊಡುತ್ತದೆ, ದಿಬ್ಬದ ಅರ್ಧದಲ್ಲಿ ಪ್ರಾಣ ಬಿಡುತ್ತದೆ. ಜೊತೆಗೆ ಸೋರಿಕೆ ಇದ್ದಷ್ಟೇ ಇರುವುದಿಲ್ಲ. ಎಂಜಿನ್ ಬಿಸಿಯಾದಂತೆ ಒಂದು ಥರ, ತಣ್ಣಗಿದ್ದಾಗ ಒಂದು ಥರ, ಈ ತಿಂಗಳು ಇಷ್ಟು, ಮುಂದಿನ ತಿಂಗಳು ಇನ್ನೂ ಹೆಚ್ಚು. ಹಾಗೆ ಬದಲಾಗುವ ಸೋರಿಕೆಗೆ ಸರಿಹೊಂದುವ ಜೆಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಂತ ತೆಳ್ಳಗಾದದ್ದೆಲ್ಲ ಸೋರಿಕೆಯಿಂದಲೇ ಅಂತ ಹಟ ಹಿಡಿಯಬೇಡ. ಎಂಜಿನ್ನಿಗೆ ಕೈ ಹಾಕುವ ಮೊದಲು ಪೆಟ್ರೋಲ್ ಸರಿಯಾಗಿ ಇಳಿಯುತ್ತಿದೆಯಾ ನೋಡು. ಟ್ಯಾಂಕ್ ಮುಚ್ಚಳದ ಗಾಳಿ ಪೈಪ್ ಮರಳು ಕಟ್ಟಿಕೊಂಡಿರಬಹುದು, ಪೆಟ್ರೋಲ್ ಕಾಕ್‌ನ ಜಾಲರಿ ಮುಚ್ಚಿರಬಹುದು, ಪೈಲಟ್ ಜೆಟ್ಟಿನಲ್ಲಿ ಕಸ ಕೂತಿರಬಹುದು. ಹಿಂದಿನವನು ಎತ್ತರದ ಗುಡ್ಡಗಾಡಿನಲ್ಲಿ ಓಡಿಸುತ್ತಿದ್ದನಾ ಕೇಳು. ಎತ್ತರದ ತೆಳು ಗಾಳಿಗೆ ಹೊಂದಿಸಿದ ಜೆಟ್ ಕೆಳಗಿನ ಮರಳುಗಾಡಿನ ದಟ್ಟ ಗಾಳಿಗೆ, ಅದರಲ್ಲೂ ಚಳಿಗಾಲದ ಬೆಳಗಿನ ಗಾಳಿಗೆ, ಸಾಲುವುದಿಲ್ಲ. ಆದರೆ ಆ ಕಾರಣವಾಗಿದ್ದರೆ ಎರಡು ಪ್ಲಗ್ಗೂ ಬೆಳ್ಳಗಾಗಬೇಕಿತ್ತು. ನಿನಗೆ ಒಂದೇ ಬೆಳ್ಳಗಾಗಿದೆ. ಎರಡು ಸಿಲಿಂಡರ್ ಇರುವುದರ ಲಾಭ ಇದು, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಬಹುದು. ಎಡಗಡೆಯ ಕಾರ್ಬುರೇಟರ್ ಒಂದನ್ನು ಬಿಚ್ಚಿ ಶುದ್ಧ ಮಾಡಿ, ಫ್ಲೋಟ್ ಮಟ್ಟ ನೋಡಿ, ಎರಡರ ಸ್ಲೈಡೂ ಒಟ್ಟಿಗೇ ಏಳುತ್ತವೆಯಾ ಪರೀಕ್ಷಿಸು. ಅಷ್ಟಕ್ಕೇ ಸರಿಹೋದರೆ ದೇವರು ದೊಡ್ಡವನು. ಹೋಗದಿದ್ದರೆ ಮುಂದೆ ಓದು.

ಗಾಳಿ ಎಳೆಯುವ ಜಾಗಗಳು ಲೆಕ್ಕವಿಲ್ಲದಷ್ಟು ಇಲ್ಲ. ಕಾರ್ಬುರೇಟರ್ ಕಡೆಯಿಂದ ಶುರು ಮಾಡು. ಕಾರ್ಬುರೇಟರ್ ಕೂರುವ ರಬ್ಬರ್ ಬೂಟ್ ಮೊದಲ ಆರೋಪಿ. ಗಾಡಿಯ ಮೇಲಿದ್ದಾಗ ಅದು ಚೆನ್ನಾಗಿಯೇ ಕಾಣುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಮಾತ್ರ ಸೀಳು ಬಾಯಿ ಬಿಡುತ್ತದೆ. ಕ್ಲಾಂಪನ್ನು ಮೈಮೇಲೆ ಬಂದವರ ಹಾಗೆ ಬಿಗಿದರೂ ರಬ್ಬರ್ ಹರಿಯುತ್ತದೆ. ನಿನ್ನ ಗಾಡಿಯಲ್ಲಿ ಎಡ ಬಲ ಎರಡು ಬೂಟುಗಳನ್ನೂ ಸೇರಿಸುವ ಒಂದು ಅಡ್ಡ ಕೊಳವೆ ಇದೆ, ಅದರ ಎರಡೂ ತುದಿ ನೋಡು. ಬೂಟಿನ ಹಿಂದೆ ರೀಡ್ ಕೂರುವ ಜಾಗದ ಪ್ಯಾಕಿಂಗ್. ಅಮೆರಿಕದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲ. ಇಲ್ಲಿ ಈಗ ಶೇ. 20 ಬೆರೆಸುತ್ತಿದ್ದಾರೆ, ಹಳೆಯ ಆರ್‌ಎಕ್ಸ್ 100 ಇಟ್ಟುಕೊಂಡ ಹುಡುಗರಿಗೆಲ್ಲ ನಾನು ರಬ್ಬರ್ ನೋಡಿಕೊಳ್ಳಿ ಅಂತ ಹೇಳುತ್ತಲೇ ಇರುತ್ತೇನೆ.

ಆಮೇಲೆ ಬ್ಲಾಕ್ ಕೆಳಗಿನ ಪ್ಯಾಕಿಂಗ್. ಹಿಂದಿನವನು ಪಿಸ್ಟನ್ ಹಾಕಲು ಎಡಗಡೆ ಬ್ಲಾಕ್ ಎತ್ತಿದ್ದಾನೆ, ಹಳೆ ಪ್ಯಾಕಿಂಗನ್ನೇ ಮತ್ತೆ ಹಾಕಿದ್ದರೂ ಹಾಕಿರಬಹುದು. ಹೊರಗಡೆ ಅಲ್ಲಿ ಆಯಿಲ್ ಜಿನುಗಿ ಧೂಳು ಅಂಟಿದ್ದರೆ ಅದೇ ಸಾಕ್ಷಿ. ಮೇಲಿನ ಹೆಡ್ ಪ್ಯಾಕಿಂಗ್ ಹೋದರೆ ಅದರ ಲಕ್ಷಣ ಬೇರೆ, ಕೂಲೆಂಟ್ ಒಳಗೆ ಇಳಿದು ಬಿಳಿ ಆವಿ ಬರುತ್ತದೆ, ಅದಕ್ಕೆ ಸಿಹಿ ವಾಸನೆ ಇರುತ್ತದೆ.

ಕಡೆಯದಾಗಿ, ನಿಜವಾದ ತಲೆನೋವು, ಕ್ರ್ಯಾಂಕಿನ ಎರಡು ಕೊನೆಯ ಆಯಿಲ್ ಸೀಲ್‌ಗಳು. ಎಡಗಡೆಯದು ಮ್ಯಾಗ್ನೆಟ್ ಹಿಂದಿದೆ. ಅದರ ಆಚೆ ಬರೀ ಗಾಳಿ, ಆದ್ದರಿಂದ ಅದು ಹೋದರೆ ಗಾಳಿಯೇ ಒಳಗೆ ಬರುತ್ತದೆ. ಮ್ಯಾಗ್ನೆಟ್ ಕವರ್ ತೆಗೆದರೆ ಒಳಗೆಲ್ಲ ಆಯಿಲ್ ಮಬ್ಬು ಕೂತಿರುತ್ತದೆ. ಬಲಗಡೆಯದು ಕ್ಲಚ್ ಹಿಂದಿದೆ, ಅದರ ಆಚೆ ಗೇರ್ ಆಯಿಲ್. ಅದು ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಹೊಗೆ ಬರುತ್ತದೆ, ಬಲಗಡೆ ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ, ಗೇರ್ ಆಯಿಲ್ ಮಟ್ಟ ಸುಮ್ಮಸುಮ್ಮನೆ ಇಳಿಯುತ್ತದೆ, ಕೆಲವು ಸಲ ಆ ಆಯಿಲಿಗೇ ಪೆಟ್ರೋಲ್ ವಾಸನೆ ಹತ್ತುತ್ತದೆ. ಇಲ್ಲಿ ಪ್ಲಗ್ಗಿನ ಬಣ್ಣ ಮೋಸ ಮಾಡುತ್ತದೆ ಎನ್ನುವುದನ್ನು ಮರೆಯಬೇಡ. ಪ್ಲಗ್ ಕಪ್ಪಗಿದೆ, ಪೆಟ್ರೋಲ್ ಜಾಸ್ತಿಯಾಗಿದೆ ಅಂತ ಜೆಟ್ ಚಿಕ್ಕದು ಮಾಡಿದವರು ಎಂಜಿನ್ ಕಳೆದುಕೊಂಡಿದ್ದಾರೆ. ನಿನ್ನ ಬಲಗಡೆ ಪ್ಲಗ್ ಕಂದು ಬಣ್ಣಕ್ಕಿದ್ದರೂ ಗೇರ್ ಆಯಿಲ್ ಮಟ್ಟ ಒಂದು ಸಲ ನೋಡಿಬಿಡು.

ನಿನ್ನ ಸ್ನೇಹಿತ ಕಂಪ್ರೆಶನ್ ಗೇಜ್ ಹಾಕಿ ನೋಡಿ ಎಂಜಿನ್ ಗಟ್ಟಿಯಾಗಿದೆ ಎಂದನಂತೆ. ಆ ಗೇಜ್ ಹೇಳುವುದು ಪಿಸ್ಟನ್ನಿನ ಮೇಲಿನ ಸಂಗತಿ, ರಿಂಗ್ ಮತ್ತು ಬೋರ್ ಹೇಗಿವೆ ಎಂದು. ಕೆಳಗಿನ ಚೇಂಬರ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಎರಡು ಸೀಲೂ ಹೋಗಿರುವ ಎಂಜಿನ್ ಕಂಪ್ರೆಶನ್ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದುಕೊಳ್ಳುತ್ತದೆ.

ಎಂಜಿನ್ ಸ್ಲೋದಲ್ಲಿ ಓಡುವಾಗ ಬೂಟಿನ ಸುತ್ತ, ಬ್ಲಾಕಿನ ಬುಡದಲ್ಲಿ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ, ಸದ್ದು ಬದಲಾಯಿತೇ ಎಂದು ನೋಡುವ ಪದ್ಧತಿ ಎಲ್ಲ ಕಡೆ ಇದೆ. ದೊಡ್ಡ ಸೀಳು ಅದರಲ್ಲಿ ಸಿಕ್ಕಿಬೀಳುತ್ತದೆ, ನಿಜ. ಆದರೆ ಬಿಸಿ ಎಂಜಿನ್ ಮೇಲೆ ಹೊತ್ತಿಕೊಳ್ಳುವ ಸ್ಪ್ರೇ ಹೊಡೆಯುವುದು ನನಗೆ ಒಂದಿಷ್ಟೂ ಹಿಡಿಸದು. ಕ್ಲಚ್ ಕಡೆಯ ಸೀಲ್ ಒಳಗೆ ಮುಚ್ಚಿಹೋಗಿರುವುದರಿಂದ ಅದನ್ನು ಈ ರೀತಿ ಹಿಡಿಯಲು ಆಗುವುದೂ ಇಲ್ಲ. ಏನೂ ಬದಲಾಗಲಿಲ್ಲ ಎಂದರೆ ಸೋರಿಕೆ ಇಲ್ಲ ಎಂದರ್ಥವಲ್ಲ. ಅರ್ಧ ಉತ್ತರ ಕೊಡುವ ಪರೀಕ್ಷೆಗೆ ಮೈ ಸುಟ್ಟುಕೊಳ್ಳಬೇಡ.

ಪೂರ್ತಿ ಉತ್ತರ ಕೊಡುವುದು ಪ್ರೆಶರ್ ಪರೀಕ್ಷೆ. ಇದನ್ನು ನಿಧಾನವಾಗಿ ಓದಿಕೋ.

ಎಂಜಿನ್ ತಣ್ಣಗಿರಲಿ. ಎರಡೂ ಸೈಲೆನ್ಸರ್ ಪೈಪ್ ಬಿಚ್ಚಿ, ಎಗ್ಸಾಸ್ಟ್ ಬಾಯಿಗೆ ಟ್ಯೂಬಿನ ರಬ್ಬರ್ ಕತ್ತರಿಸಿ ಇಟ್ಟು, ಅದರ ಮೇಲೆ ಚಪ್ಪಟೆ ತಗಡು ಕೊಟ್ಟು ಬೋಲ್ಟ್ ಬಿಗಿ. ಆಗದಿದ್ದರೆ ಪ್ಲಂಬಿಂಗ್ ಅಂಗಡಿಯಲ್ಲಿ ತಿರುಗಿಸಿದರೆ ಹಿಗ್ಗುವ ರಬ್ಬರ್ ಬಿರಡೆ ಸಿಗುತ್ತದೆ. ಕಾರ್ಬುರೇಟರ್‌ಗಳನ್ನು ತೆಗೆದು ಎರಡೂ ಬೂಟುಗಳಿಗೆ ಸರಿಯಾದ ದಪ್ಪದ ಬಿರಡೆ ಹಾಕಿ ಕ್ಲಾಂಪ್ ಬಿಗಿ. ಒಂದು ಬಿರಡೆಯ ಮಧ್ಯೆ ತೂತು ಕೊರೆದು ಗಾಳಿ ತುಂಬುವ ನಿಪ್ಪಲ್ ಕೂರಿಸಿರಬೇಕು. ಗಾಳಿಯನ್ನು ಬೂಟಿನ ಕಡೆಯಿಂದಲೇ ತುಂಬಬೇಕು, ಎಗ್ಸಾಸ್ಟ್ ಕಡೆಯಿಂದ ಬೇಡ. ರೀಡ್ ಒಳಮುಖವಾಗಿ ಮಾತ್ರ ತೆರೆಯುತ್ತದೆ. ಎಗ್ಸಾಸ್ಟ್ ಕಡೆಯಿಂದ ತುಂಬಿದರೆ ರೀಡ್ ಮುಚ್ಚಿಕೊಂಡು ಬೂಟು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಅಡ್ಡ ಕೊಳವೆ ಇರುವುದರಿಂದ ಒಂದು ಬೂಟಿಗೆ ತುಂಬಿದ ಗಾಳಿ ಎರಡೂ ಕಡೆ ಹೋಗುತ್ತದೆ. ಎರಡು ಚೇಂಬರುಗಳ ನಡುವೆ ಕ್ರ್ಯಾಂಕಿನಲ್ಲಿರುವ ಅಡ್ಡಗೋಡೆ ಪೂರ್ತಿ ಬಿಗಿಯಾದದ್ದಲ್ಲ, ಅದಕ್ಕೇ ಎರಡೂ ಸಿಲಿಂಡರನ್ನು ಒಟ್ಟಿಗೇ ಮುಚ್ಚಬೇಕು, ಒಂದನ್ನು ತೆರೆದಿಟ್ಟು ಇನ್ನೊಂದನ್ನು ನೋಡಿದರೆ ಇಲ್ಲದ ಸೋರಿಕೆ ಕಾಣುತ್ತದೆ.

ಒಂದು ಪಿಸ್ಟನ್ ಪೂರ್ತಿ ಕೆಳಗಿರುವ ಹಾಗೆ ಕ್ರ್ಯಾಂಕ್ ತಿರುಗಿಸಿಟ್ಟುಕೋ. ಆ ಕಡೆಯ ಪೋರ್ಟುಗಳೆಲ್ಲ ತೆರೆದಿದ್ದು ಗಾಳಿ ಹೆಡ್ಡಿನವರೆಗೂ ತಲುಪುತ್ತದೆ. ಮುಗಿದ ಮೇಲೆ ಅರ್ಧ ಸುತ್ತು ತಿರುಗಿಸಿ ಇನ್ನೊಂದನ್ನು ಕೆಳಗೆ ತಂದು ಮತ್ತೆ ನೋಡಬೇಕು.

ಗಾಳಿ ಎಷ್ಟು? 6 ಪಿಎಸ್ಐ ಸಾಕು. ಕಂಪ್ರೆಸರ್ ಹತ್ತಿರವೂ ತರಬೇಡ, ಒತ್ತಡ ಹೆಚ್ಚಾದರೆ ಚೆನ್ನಾಗಿರುವ ಸೀಲೂ ಕಿತ್ತು ಹೊರಗೆ ಬರುತ್ತದೆ. ಟೈರಿನ ಗೇಜಿನಲ್ಲಿ ಇಷ್ಟು ಕಡಿಮೆ ಒತ್ತಡ ಸರಿಯಾಗಿ ಓದಲಾಗದು. ನನ್ನ ಕೇಳಿದರೆ ಹಳೆಯ ಬಿ.ಪಿ. ನೋಡುವ ಸಾಧನಕ್ಕಿಂತ ಒಳ್ಳೆಯದು ಬೇರೆ ಇಲ್ಲ. ತೋಳಿಗೆ ಸುತ್ತುವ ಪಟ್ಟಿ ತೆಗೆದುಬಿಟ್ಟರೆ ಒತ್ತುವ ರಬ್ಬರ್ ಬಲ್ಬ್, ಬಿಡುವ ತಿರುಪು, ಸೂಜಿ ಡಯಲ್, ಮೂರೂ ಒಂದರಲ್ಲೇ ಸಿಗುತ್ತವೆ. ಡಯಲ್ಲಿನ ಕೊನೆಯ ಅಂಕಿ 300, ಅಂದರೆ ಸುಮಾರು 5.8 ಪಿಎಸ್ಐ. ಸೂಜಿ 50 ಇಳಿದರೆ ಹೆಚ್ಚುಕಡಿಮೆ 1 ಪಿಎಸ್ಐ ಇಳಿದಂತೆ. 280ರವರೆಗೆ ತುಂಬಿ ಕೈ ಬಿಡು. ಅದಕ್ಕೂ ಮುಂಚೆ ಸಾಧನದ ಪೈಪ್ ಒಂದನ್ನೇ ಮಡಚಿ ಹಿಡಿದು ಸೂಜಿ ನಿಲ್ಲುತ್ತದೆಯಾ ನೋಡಿಕೋ, ಸಾಧನವೇ ಸೋರುತ್ತಿದ್ದರೆ ಎಂಜಿನ್ ಮೇಲೆ ಅಪವಾದ ಬರುತ್ತದೆ.

ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಇದು: ನಿಮಿಷಕ್ಕೆ 1 ಪಿಎಸ್ಐಗಿಂತ ಹೆಚ್ಚು ಇಳಿದರೆ ಎಂಜಿನ್ ಓಡಿಸಬಾರದು. ಹೊಸದಾಗಿ ಜೋಡಿಸಿದ ಎಂಜಿನ್ನಿನಲ್ಲಿ ಆ ರಿಯಾಯಿತಿಯನ್ನೂ ನಾನು ಕೊಡುವುದಿಲ್ಲ. ಐದಾರು ನಿಮಿಷ ಸೂಜಿ ಅಲುಗಬಾರದು.

ಇಳಿಯುತ್ತಿದ್ದರೆ ಹುಡುಕಬೇಕು. ಸೋಪಿನ ನೀರು ಮಾಡಿಕೊಂಡು ಬ್ರಷ್‌ನಲ್ಲಿ ಹಚ್ಚುತ್ತಾ ಹೋಗು. ಮೊದಲು ನೀನೇ ಹಾಕಿದ ಬಿರಡೆಗಳ ಸುತ್ತ, ಬಹಳ ಸಲ ಗುಳ್ಳೆ ಬರುವುದು ಅಲ್ಲೇ. ಆಮೇಲೆ ಬೂಟು, ಅಡ್ಡ ಕೊಳವೆ, ರೀಡಿನ ಪ್ಯಾಕಿಂಗ್, ಬ್ಲಾಕಿನ ಬುಡ, ಪ್ಲಗ್ಗಿನ ಸುತ್ತ, ಚೇಂಬರಿನ ಎರಡು ಹೋಳು ಸೇರುವ ಗೆರೆ. ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಗುಳ್ಳೆ ಏಳುತ್ತಿದೆಯಾ ನೋಡು, ಎದ್ದರೆ ಹೆಡ್ ಪ್ಯಾಕಿಂಗ್. ಗೇರ್‌ಬಾಕ್ಸಿನ ಗಾಳಿ ಪೈಪಿನ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿಡು. ಅಲ್ಲಿ ಗುಳ್ಳೆ ಬಂದರೆ ಚೇಂಬರಿನ ಗಾಳಿ ಗೇರ್‌ಬಾಕ್ಸಿಗೆ ಹೋಗುತ್ತಿದೆ, ಕ್ಲಚ್ ಕಡೆಯ ಸೀಲ್ ಹೋಗಿದೆ. ಕ್ಲಚ್ ಕಡೆಯ ಒಂದು ನಟ್ಟನ್ನೂ ಬಿಚ್ಚದೆ ಒಳಗಿನ ಸೀಲಿನ ಸ್ಥಿತಿ ಹೇಳುವ ಈ ಲೋಟದ ಉಪಾಯವನ್ನು ನಾನು ಕಲಿಯಲು ಬಂದ ಹುಡುಗರಿಗೆಲ್ಲ ಹೇಳಿಕೊಟ್ಟಿದ್ದೇನೆ. ಮ್ಯಾಗ್ನೆಟ್ ಕಡೆಗೆ ಕವರ್ ತೆಗೆದು ಸೋಪಿನ ನೀರು ಬಿಡು. ಮ್ಯಾಗ್ನೆಟ್ ಚಕ್ರ ಅಡ್ಡ ಬಂದು ಸೀಲ್ ಕಾಣದಿದ್ದರೆ ಅದಕ್ಕೇ ಮಾಡಿದ ಪುಲ್ಲರ್ ಹಾಕಿ ತೆಗೆ, ಸುತ್ತಿಗೆಯಲ್ಲಿ ಬಡಿಯಬೇಡ. ಸುತ್ತ ಸದ್ದಿಲ್ಲದ ಹೊತ್ತಿನಲ್ಲಿ ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟುಕೊಂಡು ಇನ್ನೊಂದು ತುದಿ ಆಡಿಸಿದರೆ ಸುಯ್ ಎನ್ನುವುದು ಕೇಳಿಯೇ ಕೇಳುತ್ತದೆ.

ಒತ್ತಡದ ಪರೀಕ್ಷೆಯಲ್ಲಿ ಪಾಸಾದರೂ ಲಕ್ಷಣ ಹಾಗೇ ಇದ್ದರೆ ಇನ್ನೊಂದು ಇದೆ. ಸೀಲಿನ ತುಟಿ ಒಳಗಿನ ಒತ್ತಡಕ್ಕೆ ಕ್ರ್ಯಾಂಕನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಳ್ಳುತ್ತದೆ. ಎಳೆತ ಬಂದಾಗ ಅದೇ ತುಟಿ ಸಡಿಲವಾಗಿ ಗಾಳಿ ಬಿಡಬಹುದು. ಆದ್ದರಿಂದ ಕೈ ವ್ಯಾಕ್ಯೂಮ್ ಪಂಪಿನಿಂದ ಎಳೆದೂ ನೋಡಬೇಕು. ಆಗ ಪ್ಲಗ್ ತೂತಿನಿಂದ ಎಳೆ, ಬೂಟಿನಿಂದ ಎಳೆದರೆ ರೀಡ್ ಮುಚ್ಚಿಕೊಂಡು ಚೇಂಬರಿನ ಸುದ್ದಿಯೇ ತಿಳಿಯುವುದಿಲ್ಲ.

ಬೂಟು, ಪ್ಯಾಕಿಂಗ್ ಆಗಿದ್ದರೆ ಸಂತೋಷ, ಒಂದು ಸಂಜೆಯ ಕೆಲಸ. ಹಳೆ ಪ್ಯಾಕಿಂಗನ್ನು ಸ್ಕ್ರೂಡ್ರೈವರಿನಿಂದ ಕೆರೆದು ಅಲ್ಯುಮಿನಿಯಂ ಮುಖಕ್ಕೆ ಗೀರು ಮಾಡಬೇಡ, ಆ ಗೀರೇ ನಾಳೆಯ ಸೋರಿಕೆ. ಮುಖ ಸಮವಾಗಿದೆಯಾ ಎಂದು ದಪ್ಪ ಗಾಜಿನ ಮೇಲಿಟ್ಟು ಫೀಲರ್ ಗೇಜ್ ಹಾಕಿ ನೋಡು. ಶೆಲಾಕನ್ನೋ ಬೇರೆ ಅಂಟನ್ನೋ ಬಳಿದು ಸೊಟ್ಟ ಮುಖವನ್ನು ಸರಿ ಮಾಡಲಾಗದು. ಬೋಲ್ಟುಗಳನ್ನು ಎದುರುಬದುರಾಗಿ, ಯಮಹಾ ಪುಸ್ತಕದಲ್ಲಿರುವ ಟಾರ್ಕ್‌ಗೆ ಬಿಗಿ.

ಸೀಲ್ ಆಗಿದ್ದರೆ ಎದೆ ಗಟ್ಟಿ ಮಾಡಿಕೊಳ್ಳಬೇಕು. ಬ್ಯಾನ್ಶಿಯ ಚೇಂಬರ್ ಮೇಲೆ ಕೆಳಗೆ ಎಂದು ಎರಡು ಹೋಳಾಗುತ್ತದೆ. ಸೀಲಿನ ಹೊರಮೈಯಲ್ಲಿ ಒಂದು ಏಣು ಇದ್ದು, ಅದು ಚೇಂಬರಿನಲ್ಲಿರುವ ತೋಡಿನಲ್ಲಿ ಕೂರುತ್ತದೆ. ಹೋಳು ಬಿಡಿಸಿ ಕೂರಿಸುವುದೇ ಕ್ರಮ. ಆ ಏಣನ್ನು ಬ್ಲೇಡಿನಲ್ಲಿ ಕತ್ತರಿಸಿ ಹೊರಗಿನಿಂದಲೇ ತೂರಿಸುವವರೂ ಇದ್ದಾರೆ. ನೀನು ಹಾಗೆ ಮಾಡಬೇಡ. ಸೀಲ್ ಜರುಗದಂತೆ ಹಿಡಿದಿಡಲೆಂದೇ ಏಣು ಕೊಟ್ಟಿರುವುದು. ಇನ್ನೊಂದು ಮುಖ್ಯ ಮಾತು, ಸೀಲ್ ಸುಮ್ಮನೆ ಹೋಗಿರುವುದಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯಾದರೆ ರಬ್ಬರ್ ಒಣಗಿರಬಹುದು. ಇಲ್ಲದಿದ್ದರೆ ಮೇನ್ ಬೇರಿಂಗ್ ಸವೆದು ಕ್ರ್ಯಾಂಕ್ ಅಲುಗಾಡಿ ಸೀಲಿನ ತುಟಿಯನ್ನು ತೇಯ್ದಿರುತ್ತದೆ. ಮ್ಯಾಗ್ನೆಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡು. ಆಟ ಇದ್ದರೆ ಬೇರಿಂಗ್ ಬಿಟ್ಟು ಸೀಲ್ ಒಂದನ್ನೇ ಹಾಕುವುದು ದುಡ್ಡು ಸುಟ್ಟ ಹಾಗೆ. ಕ್ರ್ಯಾಂಕಿನ ಮೇಲೆ ತುಟಿ ಉಜ್ಜಿದ ಜಾಗದಲ್ಲಿ ಉಗುರಿಗೆ ಸಿಗುವಂಥ ಗೆರೆ ಬಿದ್ದಿದ್ದರೂ ಹೊಸ ಸೀಲ್ ನಿಲ್ಲುವುದಿಲ್ಲ. ಕೂರಿಸುವಾಗ ತುಟಿಗೆ ಗ್ರೀಸ್ ಹಚ್ಚು, ಹಳೆಯದು ಯಾವ ಮುಖಕ್ಕಿತ್ತೋ ಹೊಸದೂ ಅದೇ ಮುಖಕ್ಕಿರಲಿ. ಒಂದು ಹೋಗಿದ್ದರೂ ಎರಡನ್ನೂ ಬದಲಾಯಿಸು, ಎಂಜಿನ್ ಬಿಚ್ಚುವ ಶ್ರಮದ ಮುಂದೆ ಇನ್ನೊಂದು ಸೀಲಿನ ಬೆಲೆ ಏನೂ ಅಲ್ಲ. ಎಂಜಿನ್ ಬಿಚ್ಚಿದ್ದೇ ಆದರೆ ಎಡಗಡೆ ಬ್ಲಾಕ್ ಎತ್ತಿ ಹೊಸ ಪಿಸ್ಟನ್ನಿನ ಮೈಯನ್ನೂ ನೋಡಿಬಿಡು, ಉದ್ದುದ್ದ ಗೀರು ಬಿದ್ದಿದ್ದರೆ ಅದು ಆಗಲೇ ಕಚ್ಚಲು ಶುರು ಮಾಡಿದೆ.

ಎಲ್ಲ ಜೋಡಿಸಿದ ಮೇಲೆ ಮತ್ತೆ ಅದೇ ಪರೀಕ್ಷೆ ಮಾಡು, ಹೊಸ ಸಾಮಾನು ಹಾಕಿದ್ದೇವೆ ಎಂಬ ನಂಬಿಕೆಯಲ್ಲಿ ಬಿಡಬೇಡ. ಸೂಜಿ ನಿಂತ ಮೇಲೆಯೇ ಜೆಟ್ಟಿನ ಮಾತು. ಆಗ ಟ್ಯೂನಿಂಗ್ ನೀನು ಹೇಳಿದಂತೆ ಕೇಳುತ್ತದೆ.

ಒಂದು ಎಚ್ಚರಿಕೆ ಹೇಳದೆ ಬಿಡಲಾರೆ. ಗಾಳಿ ಎಳೆಯುವ ಎಂಜಿನ್ ಕೆಲವು ಸಲ ತಾನಾಗಿಯೇ ರೇಸ್ ಆಗಿ ಏರುತ್ತಾ ಹೋಗುತ್ತದೆ. ಥ್ರಾಟಲ್ ಬಿಟ್ಟರೂ ಇಳಿಯದು, ಒಳಗೆ ಕೆಂಪಗೆ ಕಾದ ಭಾಗದಿಂದಲೇ ಬೆಂಕಿ ಹತ್ತುತ್ತಿದ್ದರೆ ಸ್ವಿಚ್ ಆಫ್ ಮಾಡಿದರೂ ನಿಲ್ಲದು. ಆಗ ಗಾಬರಿಯಾಗಬೇಡ. ಚೋಕ್ ಪೂರ್ತಿ ಎಳೆ, ಪೆಟ್ರೋಲ್ ಹೆಚ್ಚಾಗಿ ಸಾಮಾನ್ಯವಾಗಿ ಉಸಿರು ಕಟ್ಟಿ ನಿಲ್ಲುತ್ತದೆ. ನೀನು ಸೀಟಿನ ಮೇಲಿದ್ದು ಎದುರಿಗೆ ಯಾರೂ ಇಲ್ಲದಿದ್ದರೆ ಬ್ರೇಕ್ ಬಲವಾಗಿ ಹಿಡಿದು ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಚಕ್ರ ಎತ್ತಿಟ್ಟು ಪರೀಕ್ಷೆ ಮಾಡುವಾಗ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡ.

ಬಿರಡೆಗೆ, ರಬ್ಬರಿಗೆ, ಬಿ.ಪಿ. ಡಯಲ್ಲಿಗೆ ಆಗುವ ಖರ್ಚು ಒಂದು ಪಿಸ್ಟನ್ ಸೆಟ್ಟಿನ ಬೆಲೆಯ ಹತ್ತಿರವೂ ಬರುವುದಿಲ್ಲ. ಬ್ಯಾನ್ಶಿ ಈಗ ಹೊಸದಾಗಿ ತಯಾರಾಗುತ್ತಿಲ್ಲ, ಕೈಗೆ ಬಂದದ್ದನ್ನು ಉಳಿಸಿಕೊಳ್ಳಬೇಕು. ಭಾನುವಾರ ಪರೀಕ್ಷೆ ಮಾಡಿ, ಸೂಜಿ ಎಷ್ಟು ನಿಮಿಷಕ್ಕೆ ಎಷ್ಟು ಇಳಿಯಿತು, ಗುಳ್ಳೆ ಎಲ್ಲಿ ಬಂತು ಬರೆದುಕೊಂಡು ನನಗೆ ಫೋನ್ ಮಾಡು. ಅಲ್ಲಿಯ ತನಕ ಕಿಕ್ಕರ್ ಮೇಲೆ ಕಾಲಿಡಬೇಡ.